ಜಾರ್ ಮಾಡಿದ ಮೇಲೆ ಲೋಗೋ ಕಾಣದಿರುವ ಬಗ್ಗೆ

ನಿಮ್ಮ ಜಾವಾ ಪ್ರೋಗ್ರಾಮನ್ನು ಎಕ್ಲಿಪ್ಸ್‌ನಲ್ಲಿ (ಕೋಡ್ ಬರೆಯುವ ತಂತ್ರಾಂಶ) ಓಡಿಸಿದಾಗ ಕಾಣುವ ಲೋಗೋ, ಪ್ರೋಗ್ರಾಮನ್ನು ಜಾರ್ (ಅದರ ಎಲ್ಲ ಕಡತಗಳನ್ನು ಸೇರಿಸಿದ ಒಂದೇ ಕಡತ) ಮಾಡಿದ ಮೇಲೆ ಕಾಣದಿರಲು, ನೀವು ಲೋಗೋವನ್ನು ಡಿಸ್ಕಿನ ಕಡತಗಳಿಗೆಂದಿರುವ ಫೈಲ್ ಕ್ಲಾಸಿನ ಮೂಲಕ ತೆರೆಯುತ್ತಿರುವುದೇ ಬಹುಶಃ ಕಾರಣ. ಜಾರ್ ಎಂಬುದು ಜಿಪ್ ಕಡತವಾದ್ದರಿಂದ ಅದರೊಳಗಿನ ಚಿತ್ರಕ್ಕೆ ಡಿಸ್ಕಿನಲ್ಲಿ ಪ್ರತ್ಯೇಕ ವಿಳಾಸವಿರುವುದಿಲ್ಲ. ನೀವು ಬಳಸುತ್ತಿರುವುದು ಮೇವನ್ ಎಂಬ ಬಿಲ್ಡ್ ಸಾಧನ ಎಂದು ಭಾವಿಸಿ ಹೇಳುವುದಾದರೆ, ಚಿತ್ರವನ್ನು ಎಸ್‌ಆರ್‌ಸಿ/ಮೇನ್/ರಿಸೋರ್ಸಸ್ ಅಡಿಯಲ್ಲಿ ‘ಐಕಾನ್ಸ್’ ಎಂಬ ಫೋಲ್ಡರಿನಲ್ಲಿಟ್ಟು ಮತ್ತೆ ಬಿಲ್ಡ್ ಮಾಡಿ, ‘ಜಾರ್ ಟಿಎಫ್’ ಕಮಾಂಡ್ ಕೊಡುವ ಜಾರ್‌ನ ಕಡತಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ಎಂದು ನೋಡಿ. ಆನಂತರ ಜಾರ್‌ನೊಳಗಿನ ಕಡತವನ್ನೂ ಓದಬಲ್ಲ, ನಿಮ್ಮ ಕ್ಲಾಸಿನ ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್ ಮೆಥಡ್‌ಗೆ ‘/ಐಕಾನ್ಸ್/ಲೋಗೋ.ಪಿಎನ್‌ಜಿ’ ಎಂದು ಕೊಟ್ಟು ಓದಿಸಿ. ಮೊದಲಿನ ಸ್ಲ್ಯಾಶ್ ಅನ್ನು ದಯವಿಟ್ಟು ಬಿಡಬೇಡಿ. ಬಿಟ್ಟರೆ ಜಾವಾ ಆ ಕ್ಲಾಸಿನ ಪ್ಯಾಕೇಜಿನೊಳಗೆ ಹುಡುಕಿ, ಸಿಗದಿದ್ದಾಗ ನಲ್ (ಏನೂ ಇಲ್ಲ ಎಂಬ ಉತ್ತರ) ಹಿಂತಿರುಗಿಸುತ್ತದೆ. ಇಷ್ಟಾದರೂ ನಲ್ ಬಂದರೆ ಹೆಸರಿನ ದೊಡ್ಡ, ಸಣ್ಣ ಅಕ್ಷರಗಳನ್ನು ಪಟ್ಟಿಯೊಂದಿಗೆ ತಾಳೆ ಹಾಕಿ. ನನ್ನ ಜಾರ್‌ನಲ್ಲಿ ಲೋಗೋದ ‘ಎಲ್’ ದೊಡ್ಡಕ್ಷರವಾಗಿತ್ತು, ಕೋಡಿನಲ್ಲಿ ಸಣ್ಣದಿತ್ತು. ವಿಂಡೋಸ್‌ನ ಫೋಲ್ಡರಿನಲ್ಲಿ ಅದು ನಡೆಯುತ್ತಿತ್ತು, ಜಾರ್‌ನೊಳಗೆ ನಡೆಯಲಿಲ್ಲ.