ಹೂವರಳಿದ ದಿನದ ಅರೆತಲೆನೋವು

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: “ನನ್ನ ‘ಅರೆತಲೆನೋವು’ ಕವಿತೆಯನ್ನು ‘ನೋವಿದೆ ಎಂದು ತಿಳಿಯುತ್ತದೆ, ನೋವು ತಾಗುವುದಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿಸಿದ್ದೀರಿ. ತಲೆನೋವೇ ಬಾರದವರಿಗೆ ಅದನ್ನು ತಾಗಿಸುವುದು ಹೇಗೆ? ಈಗಿನ ಕೆಲವರಂತೆ ನೋವಿಗೆ ಬಣ್ಣ, ಸದ್ದಿಗೆ ವಾಸನೆ ಹಚ್ಚಬೇಕೆ? ತೋಟದಲ್ಲಿ ಹೂವರಳಿದ ದಿನ ಮನೆಯವರೆಲ್ಲ ಕಿಟಕಿ ತೆರೆದರೆ ನಾನು ಮುಚ್ಚಿಕೊಂಡು ಮಲಗುತ್ತೇನೆ. ಅನುಭವಿಸದವರಿಗೆ ಯಾವ ಮಾತೂ ಸಾಲದು.”

ಪ್ರಿಯ ಓದುಗರೇ,

ನಿಮ್ಮ ಪತ್ರದ ಖಾರ ಇಷ್ಟವಾಯಿತು. ಷರಾವನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಒಂದು ಸಾಲಿನ ಷರಾದಿಂದ ಯಾರಿಗೂ ಉಪಯೋಗವಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಕವಿತೆಯ ಮೊದಲ ಸಾಲುಗಳು ಹೀಗಿವೆ: ‘ಸಾವಿರ ಸೂಜಿ ಚುಚ್ಚಿದಂತೆ, ಸಿಡಿಲೇ ತಲೆಗೆ ಬಡಿದಂತೆ’. ಸಾವಿರ ಸೂಜಿಯಲ್ಲಿ ಚುಚ್ಚಿಸಿಕೊಂಡವರು ನಮ್ಮಲ್ಲಿ ಯಾರಿದ್ದಾರೆ? ಸಿಡಿಲು ಬಡಿದವರು ಪತ್ರಿಕೆ ಓದುವಷ್ಟು ಉಳಿದಿರುವುದೂ ಅಪರೂಪ. ನನಗೆ ಗೊತ್ತಿಲ್ಲದ ನೋವೊಂದನ್ನು ಇನ್ನೂ ಗೊತ್ತಿಲ್ಲದ ನೋವಿಗೆ ಹೋಲಿಸಿದರೆ ನಾನು ಎಲ್ಲಿ ಹಿಡಿದುಕೊಳ್ಳಲಿ? ಸಾವಿರದ ಬದಲು ಒಂದೇ ಸೂಜಿ ಉಗುರಿನ ಸಂದಿಗೆ ಇಳಿಯಿತೆಂದು ಬರೆದಿದ್ದರೆ ಓದುತ್ತಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ವೈದ್ಯರೂ ಸೂಜಿ, ಚೂರಿ, ಬೆಂಕಿಗಳನ್ನೇ ನೆಚ್ಚಿಕೊಂಡಿದ್ದಾರೆ ಎನ್ನಬಹುದು. ನಿಜ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಮಿಡಿಯುವ, ಇರಿಯುವ, ಹಿಂಡುವ, ಸುಡುವ ಎಂಬಂಥ 78 ಪದಗಳು, 20 ಗುಂಪುಗಳಲ್ಲಿ. ರೋಗಿ ತನಗೆ ಹೊಂದುವುದನ್ನು ಆರಿಸಿಕೊಳ್ಳಬೇಕು. ನೋವಿನ ಬಗೆಯನ್ನು ಗುರುತಿಸಲು ಇದು ಬಹಳ ಒಳ್ಳೆಯ ಉಪಾಯ. ಕವಿತೆ ಓದುವವನು ಮಾತ್ರ ಔಷಧಿ ಬರೆದುಕೊಡಲು ಕುಳಿತಿರುವುದಿಲ್ಲ.

ಎರಡನೆಯ ಪದ್ಯದಲ್ಲಿ ನೀವು ಇನ್ನೊಂದು ಹಳೆಯ ದಾರಿ ಹಿಡಿದಿದ್ದೀರಿ: ‘ಬೆವರಿತು ಮೈ, ನಡುಗಿತು ಕೈ, ಹನಿಯಿತು ಕಣ್ಣು’. ಭಾವ ತುಂಬಿದಾಗ ಮೈ ತಾನಾಗಿ ತೋರುವ ಚಿಹ್ನೆಗಳೆಂದು ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ವಿಕ ಭಾವಗಳಲ್ಲಿ ಮೂರು ಇಲ್ಲಿವೆ: ಸ್ವೇದ, ಕಂಪ, ಅಶ್ರು. ಉಳಿದವು ಸ್ತಂಭ (ಮರಗಟ್ಟುವುದು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೈವರ್ಣ್ಯ (ಬಣ್ಣಗೆಡುವುದು), ಪ್ರಲಯ (ಮೂರ್ಛೆ). ಎಲ್ಲವೂ ದೇಹದವೇ, ಆದರೆ ಎದುರು ಕುಳಿತ ಪ್ರೇಕ್ಷಕನ ಕಣ್ಣು ಕಿವಿಗೆ ಸಿಗುವಂಥವು. ರಂಗದ ಮೇಲೆ ಅಷ್ಟು ಸಾಕು. ಅರೆತಲೆನೋವಿನ ಸಂಕಟವೇ ಬೇರೆ. ಅದು ಹೊರಗಿನವರಿಗೆ ಕಾಣುವುದೇ ಇಲ್ಲ. ಊಟಕ್ಕೆ ಕರೆಯಲು ಬಂದವರು ‘ಚೆನ್ನಾಗಿಯೇ ಇದ್ದೀಯಲ್ಲ’ ಎಂದು ಹೋಗುತ್ತಾರೆ. ನಿಮ್ಮನ್ನು ಹೊರಗಿನಿಂದ ನೋಡುವ ಕುರ್ಚಿಯಲ್ಲೇ ನನ್ನನ್ನೂ ಕೂರಿಸಿದರೆ ನಾನೂ ಅದನ್ನೇ ಹೇಳಿಯೇನು.

ಹಾಗಾದರೆ ಒಳಗೆ ಹೋಗುವುದು ಹೇಗೆ? ನೀವು ದೂರಿನ ಭರದಲ್ಲಿ ಬರೆದುಹೋದ ಕಿಟಕಿಯ ಸಾಲಿನಿಂದ. ಕಾಫಿ ಹೂವಿನ ಸಮಯ ನಮ್ಮ ಜಿಲ್ಲೆಯಲ್ಲಿ ಎಂಥದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮೊಗ್ಗನ್ನು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳು ಒಮ್ಮೆಲೇ ಬೆಳ್ಳಗಾಗುತ್ತವೆ, ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಬರುತ್ತದೆ, ಕಾರು ನಿಲ್ಲಿಸಿ ಫೋಟೊ ತೆಗೆಯುವವರು ಬೇರೆ. ಆ ದಿನಗಳಲ್ಲಿ ನಮ್ಮ ಕಚೇರಿಗೆ ಬರುವ ಅಂಚೆಯಲ್ಲಿ ಕಾಫಿ ಹೂವಿಲ್ಲದ ಪದ್ಯವನ್ನು ಹುಡುಕಬೇಕು, ಎಲ್ಲದರಲ್ಲೂ ಕಂಪು ಸೂಸುತ್ತಲೇ ಇರುತ್ತದೆ. ಅದೇ ಕಂಪಿಗೆ ಹೆದರಿ ಚಿಲಕ ಹಾಕಿಕೊಂಡವರನ್ನು ನಾನು ಕಂಡಿರಲಿಲ್ಲ. ಅರೆತಲೆನೋವು ಬೆಳಕು, ಸದ್ದು, ವಾಸನೆ ಮೂರನ್ನೂ ಸಹಿಸಲಾಗದಂತೆ ಮಾಡುತ್ತದೆ. ಕೆಲವರಿಗೆ ತಲೆಗೆ ಬಾಚಣಿಗೆ ತಾಗಿದರೂ ನೋವು. ಆ ಹೊತ್ತಿಗೆ ಪಕ್ಕದ ರೊಬಸ್ಟಾ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಹಾಯಿಸುವ ಪಂಪಿನ ಸದ್ದು ಹೇಗಿರುತ್ತದೆ? ಬಾಗಿಲ ಸಂದಿಯಲ್ಲಿ ಬರುವ ಒಗ್ಗರಣೆಯ ಘಾಟು? ಇವನ್ನು ಬರೆಯಿರಿ. ನೋವನ್ನು ನಾನು ಅರಿಯೆ, ಹೂವಿನ ಕಂಪನ್ನು ಬಲ್ಲೆ. ಬಲ್ಲದ್ದು ನಿಮ್ಮ ಕವಿತೆಯಲ್ಲಿ ಕೆಟ್ಟುಹೋದಾಗ ಅದನ್ನು ಕೆಡಿಸಿದ್ದು ಎಂಥದಿರಬೇಕೆಂದು ನನ್ನ ಮೈಗೇ ತಿಳಿಯುತ್ತದೆ.

ನೋವಿಗೆ ಬಣ್ಣ ಹಚ್ಚುವ ವಿಚಾರ. ಹಚ್ಚುವುದಾದರೆ ಬೇಡ. ‘ನೀಲಿ ನೋವು’, ‘ಕಹಿ ಕತ್ತಲೆ’ ಓದಿ ಓದಿ ನನಗೂ ಸಾಕಾಗಿದೆ. ಆದರೆ ಇಂದ್ರಿಯಗಳನ್ನು ಬೆರೆಸುವುದು ಕವಿಗಳು ಕಲಿತ ಶೋಕಿಯೆಂದು ತಳ್ಳಿಹಾಕಬೇಡಿ, ಮೈಯೇ ಅದನ್ನು ಮಾಡುತ್ತದೆ. ಸೂಜಿಮೆಣಸು ಕಚ್ಚಿ ‘ಬಾಯಿ ಸುಟ್ಟಿತು’ ಎನ್ನುತ್ತೇವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ನರದ ಬಾಗಿಲನ್ನೇ ಮೆಣಸಿನ ಕ್ಯಾಪ್ಸೈಸಿನ್ ಕೂಡ ತೆರೆಯುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ನಾಲಿಗೆಯಿಂದ ಮಿದುಳಿಗೆ ನಿಜವಾಗಿಯೂ ಬೆಂಕಿಯದೇ ಸುದ್ದಿ ಹೋಗಿರುತ್ತದೆ. ಹೀಗೆ ಮೈ ತಾನಾಗಿ ಬೆರೆಸಿದ್ದನ್ನು ಬರೆದರೆ ಒಪ್ಪುತ್ತದೆ, ಮೇಜಿನ ಮುಂದೆ ಕುಳಿತು ಬೆರೆಸಿದ್ದು ಎರಡನೇ ಓದಿಗೇ ಬಣ್ಣ ಬಿಡುತ್ತದೆ.

ಇನ್ನೊಂದು ಮಾತು. ‘ಕಣ್ಣ ಮುಂದೆ ಮಿಂಚು’ ಎಂದು ಬರೆದು ಮುಂದೆ ಸಾಗಿದ್ದೀರಿ. ಕೆಲವರಿಗೆ ನೋವಿಗೆ ಮೊದಲು ಕಾಣುವ ಅಂಕುಡೊಂಕು ಬೆಳಕು ಅದೇ ಇರಬೇಕು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನಗೆ ಅದು ಬಂದಾಗಲೆಲ್ಲ ಎಷ್ಟು ಹರಡಿತು, ಎಷ್ಟು ಹೊತ್ತಿನಲ್ಲಿ ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡ. ಅದರಿಂದ, ಮಿದುಳಿನ ದೃಷ್ಟಿ ಭಾಗದಲ್ಲಿ ಅದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ ಎಂದು 1941ರಲ್ಲಿ ಲೆಕ್ಕ ಕೊಟ್ಟ. ‘ಭಯಂಕರ’, ‘ಅಸಹನೀಯ’ ಎಂಬ ಪದಗಳಿಂದ ಆ ಲೆಕ್ಕ ಹುಟ್ಟುತ್ತಿರಲಿಲ್ಲ. ನಿಮ್ಮ ಮಿಂಚು ಯಾವ ಕಡೆಯಿಂದ ಬರುತ್ತದೆ? ಓದುತ್ತಿದ್ದ ಸಾಲಿನ ಯಾವ ಅಕ್ಷರವನ್ನು ಮೊದಲು ನುಂಗುತ್ತದೆ? ನನಗೆ ಬೇಕಾದದ್ದು ಅದು.

ಶೀರ್ಷಿಕೆ ಹಾಗೆಯೇ ಇರಲಿ. ‘ಅರೆತಲೆನೋವು’ ಎಂದು ಮೇಲೆ ಹೇಳಿಬಿಟ್ಟಿರುವುದರಿಂದ ಕೆಳಗೆ ‘ನೋವು’, ‘ಯಾತನೆ’ಗಳ ಅಗತ್ಯ ಬೀಳುವುದಿಲ್ಲ, ಈಗ ಅವು ಏಳು ಕಡೆ ಇವೆ. ಸೂಜಿ, ಸಿಡಿಲು ಎರಡನ್ನೂ ತೆಗೆದು, ಕಿಟಕಿಯಿಂದ ಆರಂಭಿಸಿ ಮತ್ತೆ ಕಳುಹಿಸಿ. ಮೊಬೈಲ್ ಪರದೆಯ ಬೆಳಕು ಕಣ್ಣಿಗೆ ಆಗದಿದ್ದರೆ ಕೈಬರಹದಲ್ಲೇ ಬರಲಿ, ಇಲ್ಲಿ ನಾವು ಟೈಪ್ ಮಾಡಿಸಿಕೊಳ್ಳುತ್ತೇವೆ.

– ಸಂಪಾದಕ