ಕೋವಿಗೆ ಒಬ್ಬರೇ ಯಜಮಾನರು: ಸಂಸಾರ ಸಮೇತ ಬೇಟೆಗೆ ಹಾರುವವರಿಗೆ

ಪ್ರಶ್ನೆ: ನಾವು ಇರುವುದು ಡಲ್ಲಾಸ್‌ನಲ್ಲಿ. ನಾನು ಅಮೆರಿಕದ ಪ್ರಜೆ, ಹೆಂಡತಿಗೆ ಗ್ರೀನ್ ಕಾರ್ಡ್ ಇದೆ, ತಮ್ಮ ಹೆಚ್-1ಬಿ ವೀಸಾದಲ್ಲಿದ್ದಾನೆ, ಮಗನಿಗೆ 17 ವರ್ಷ. ಜೂನ್‌ನಲ್ಲಿ ನಾಲ್ವರೂ ದಕ್ಷಿಣ ಆಫ್ರಿಕಾದ ಲಿಂಪೊಪೊಗೆ ಕುಡು, ಇಂಪಾಲ, ಸಾಧ್ಯವಾದರೆ ಈಲಂಡ್ ಎಂಬ ಹುಲ್ಲೆಗಳ ಬೇಟೆಗೆ ಹೊರಟಿದ್ದೇವೆ. ನನ್ನ ಹತ್ತಿರ ಒಂದು .30-06, ಒಂದು .375 ರೈಫಲ್ ಇವೆ. ಮಗನಿಗೆ ಕೊಡಿಸಿದ್ದೂ .30-06. ತಮ್ಮನದು .308. ನಾಲ್ಕನ್ನೂ ನನ್ನ ಹೆಸರಲ್ಲೇ ಒಯ್ದುಬಿಡಬಹುದೇ?

ಉತ್ತರ: ಆಗದು. ಅದಕ್ಕೆ ಮೂರು ಕಡೆ ತಡೆಯಿದೆ.

ಮೊದಲನೆಯದು ಅಮೆರಿಕದ ರಫ್ತು ನಿಯಮ. ವಾಪಸ್ ತರುವ ಉದ್ದೇಶದಿಂದ, ಸ್ವಂತ ಬಳಕೆಗೆ ಒಯ್ಯುವ ಕೋವಿಗೆ ಲೈಸೆನ್ಸ್ ವಿನಾಯಿತಿ ಉಂಟು. ಆದರೆ ಅದು ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಮಾತ್ರ, ತಲೆಗೆ ಮೂರು ಕೋವಿ, 1,000 ಕಾಡತೂಸುಗಳ ಮಿತಿಯಲ್ಲಿ. ನಾಲ್ಕನೆಯದು ಅಲ್ಲಿಗೇ ನಿಂತಿತು.

ಎರಡನೆಯದು ದಕ್ಷಿಣ ಆಫ್ರಿಕಾ ಪೊಲೀಸರ ನಿಯಮ. ಒಬ್ಬರ ಪರ್ಮಿಟ್‌ನಲ್ಲಿ ಒಂದೇ ಕ್ಯಾಲಿಬರ್‌ನ (.30-06, .375ರಂಥ ಗುಂಡಿನ ಅಳತೆಯ) ಎರಡು ರೈಫಲ್ ಇರುವಂತಿಲ್ಲ. ನಿಮ್ಮದೂ .30-06, ಮಗನದೂ .30-06. 21 ತುಂಬದ ಮಗನಿಗೆ ಅಲ್ಲಿ ತನ್ನ ಹೆಸರಲ್ಲಿ ಪರ್ಮಿಟ್ ಸಿಗುವುದಿಲ್ಲ. ಹಾಗಾಗಿ ಅವನ ರೈಫಲ್ ಅವನಮ್ಮನ ಹೆಸರಲ್ಲಿ ಹೋಗಲಿ, ನಿಮ್ಮ ಹೆಸರಲ್ಲಿ .30-06 ಮತ್ತು .375 ಇರಲಿ. ಹುಡುಗ ದೊಡ್ಡವರ ಕಣ್ಣೆದುರಿನಲ್ಲೇ ಗುಂಡು ಹಾರಿಸಬೇಕು. ಇಲ್ಲೊಂದು ಸಂಗತಿ ಸಂಸಾರಸ್ಥರು ಮರೆಯುತ್ತಾರೆ: ಅಪ್ಪ-ಮಗ ಲಿಂಪೊಪೊದ ಪೊದೆಗಳಲ್ಲಿರುವಾಗ ಅಮ್ಮ ಕೇಪ್ ಟೌನ್ ನೋಡಲು ಹೋದರೆ, ಪರ್ಮಿಟ್ ಇರುವವರು ಒಂದು ಕಡೆ, ಕೋವಿ ಇನ್ನೊಂದು ಕಡೆ ಆಗುತ್ತದೆ. ಹಾಗೆ ಮಾಡಬೇಡಿ. ಕೇಪ್ ಟೌನ್ ಬೇಟೆ ಮುಗಿದ ಮೇಲಿರಲಿ.

ಮೂರನೆಯದು ತಮ್ಮನ ವೀಸಾ. ಹೆಚ್-1ಬಿಯಂಥ ತಾತ್ಕಾಲಿಕ ವೀಸಾದವರು ಅಮೆರಿಕದಲ್ಲಿ ಕೋವಿ ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್ ಇದ್ದರೆ ಮಾತ್ರ ಅದಕ್ಕೆ ರಿಯಾಯಿತಿ. ಮೊದಲು ಅವರ ಲೈಸೆನ್ಸಿನ ಅವಧಿ ನೋಡಿ, ಅದು ಮುಗಿದಿದ್ದರೆ ಪ್ರವಾಸಕ್ಕಿಂತ ದೊಡ್ಡ ತಲೆನೋವು ಮನೆಯಲ್ಲೇ ಇದೆ. ಲೈಸೆನ್ಸ್ ಇದ್ದರೂ ಮೇಲೆ ಹೇಳಿದ ರಫ್ತು ವಿನಾಯಿತಿ ಅವರಿಗಿಲ್ಲ. ವಾಪಸ್ ತರುವಾಗ ಅಮೆರಿಕದ ಕೋವಿ ನಿಯಂತ್ರಣ ಸಂಸ್ಥೆ ಎಟಿಎಫ್‌ನ 6ಎನ್‌ಐಎ ಎಂಬ ಪೂರ್ವಾನುಮತಿಯ ಗೊಡವೆ ಬೇರೆ. .308 ಮನೆಯಲ್ಲಿರಲಿ, ತಮ್ಮ ಅಲ್ಲಿ ಬಾಡಿಗೆ ರೈಫಲ್ ತೆಗೆದುಕೊಳ್ಳಲಿ. ಅತ್ತಿಗೆಯ ಹೆಸರಿಗೆ ಬರೆಸಿ ಸಾಗಿಸುವ ಉಪಾಯ ಬೇಡ, ವಿಚಾರಣೆಗೆ ನಿಂತರೆ ಅದು ಸುಳ್ಳು ಹೇಳಿಕೆಯಾಗುತ್ತದೆ.

ಈಗ ಕಾಗದ ಪತ್ರ. ಎಲ್ಲಕ್ಕೂ ಮೂಲ ಅಮೆರಿಕದ ಕಸ್ಟಮ್ಸ್‌ನವರ 4457 ಎಂಬ ಒಂದೇ ಪುಟದ ಫಾರಂ. ಶುಲ್ಕವಿಲ್ಲ. ಆದರೆ ರೈಫಲನ್ನು ಕಣ್ಣಾರೆ ನೋಡಿಯೇ ಅಧಿಕಾರಿ ಸೀಲು ಹಾಕುವುದು. ಕಚೇರಿ ವಿಮಾನ ನಿಲ್ದಾಣದಲ್ಲೇ ಇರುವುದರಿಂದ ಮೊದಲು ಫೋನ್ ಮಾಡಿ, ಯಾವ ಬಾಗಿಲಿನಿಂದ ತರಬೇಕೆಂದು ಕೇಳಿ, ಅಲ್ಲಿಯವರೆಗೂ ಪೆಟ್ಟಿಗೆ ಕಾರಿನಲ್ಲೇ ಇರಲಿ. ನಿಮಗೊಂದು ಫಾರಂ, ಹೆಂಡತಿಗೊಂದು. ಕಂಪನಿ, ಮಾಡೆಲ್, ಕ್ಯಾಲಿಬರ್, ಸೀರಿಯಲ್ ನಂಬರ್ ಎಲ್ಲವನ್ನೂ ಹಾಳೆ ನೋಡಿ ಬರೆಯದೆ ಲೋಹದ ಮೇಲಿರುವುದನ್ನು ನೋಡಿ ಬರೆಯಿರಿ. ನಂಬರಿನ ಮೊದಲಿರುವ ಅಕ್ಷರ ಬಿಟ್ಟುಹೋಗುವುದು, ಸೊನ್ನೆಯನ್ನು ಇಂಗ್ಲಿಷಿನ 'ಓ' ಎಂದು ಬರೆಯುವುದು, ಇವೆರಡರಿಂದಲೇ ಹೆಚ್ಚಿನವರು ಜೊಹಾನ್ಸ್‌ಬರ್ಗ್‌ನಲ್ಲಿ ಒದ್ದಾಡುವುದು. ಗುರಿ ನೋಡುವ ದುರ್ಬೀನಿನ, ಅಂದರೆ ಸ್ಕೋಪಿನ ನಂಬರನ್ನೂ ಅದರಲ್ಲೇ ಸೇರಿಸಿ, ಇಲ್ಲದಿದ್ದರೆ ದುಬಾರಿ ಸ್ಕೋಪನ್ನು ಹೊರಗೆ ಕೊಂಡಿದ್ದೆಂದು ವಾಪಸಾಗುವಾಗ ಪ್ರಶ್ನೆ ಬರಬಹುದು. ಫಾರಂನ ಮೂಲೆಯಲ್ಲಿ ಒಂದು ಮುಕ್ತಾಯದ ದಿನಾಂಕ ಅಚ್ಚಾಗಿರುತ್ತದೆ. ಅದು ಫಾರಂನ ಆವೃತ್ತಿಯದು, ನಿಮ್ಮ ನೋಂದಣಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದನ್ನು ನೋಡಿ 'ಅವಧಿ ಮುಗಿದಿದೆ' ಎಂದು ದಕ್ಷಿಣ ಆಫ್ರಿಕಾದಲ್ಲಿ ತಕರಾರು ಎದ್ದದ್ದಿದೆ. ಹಳೆಯ ಫಾರಂ ಇದ್ದರೆ ಹೊಸ ಆವೃತ್ತಿಯಲ್ಲಿ ಮತ್ತೆ ಸೀಲು ಹಾಕಿಸಿಕೊಳ್ಳಿ.

ದಕ್ಷಿಣ ಆಫ್ರಿಕಾ ಪೊಲೀಸರ ಕೋವಿ ಪರ್ಮಿಟ್ ಅರ್ಜಿಯ ಹೆಸರು ಎಸ್‌ಎಪಿಎಸ್ 520. ಕಪ್ಪು ಶಾಯಿ, ದೊಡ್ಡಕ್ಷರ. ಮನೆಯಲ್ಲೇ ತುಂಬಿ, ಸಹಿ ಮಾತ್ರ ಪೊಲೀಸರ ಎದುರು ಹಾಕಿ. ಜೊತೆಗೆ ಪಾಸ್‌ಪೋರ್ಟ್ ಪ್ರತಿ, ಹೋಗಿಬರುವ ಟಿಕೆಟ್, 4457, ಬೇಟೆ ಏರ್ಪಡಿಸಿದವರ ಆಹ್ವಾನ ಪತ್ರ, ಮತ್ತು ಯಾವ ಪ್ರಾಣಿಗೆ ಯಾವ ರೈಫಲ್ ಬೇಕೆಂದು ವಿವರಿಸುವ ಒಂದು ಪುಟದ ಪತ್ರ ಬೇಕು. ಈಲಂಡ್ ಎತ್ತಿನಷ್ಟು ದೊಡ್ಡ ಪ್ರಾಣಿಯಾದ್ದರಿಂದ .375ಗೆ ಕಾರಣ ಹೇಳುವುದು ಕಷ್ಟವಲ್ಲ. ಸೆಮಿ-ಆಟೊಮ್ಯಾಟಿಕ್ ಬೇಡವೇ ಬೇಡ, ಪ್ರತಿ ಗುಂಡಿಗೂ ಅಗುಳಿಯಂಥ ಬೋಲ್ಟನ್ನು ಕೈಯಿಂದ ಎಳೆಯುವ ಬೋಲ್ಟ್ ರೈಫಲೇ ಸರಿ. ಹೆಂಡತಿ ಮತ್ತು ತಮ್ಮ ಭಾರತದ ಪಾಸ್‌ಪೋರ್ಟಿನವರಾದರೆ ಅವರಿಗೆ ವೀಸಾ ಬೇಕು, ಕೋವಿಯ ಅರ್ಜಿಗಿಂತ ಅದನ್ನು ಮೊದಲು ಹಿಡಿಯಿರಿ. ಮಗನ ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ.

ಪ್ರಶ್ನೆ: ಕಾಡತೂಸು ಎಷ್ಟು ಒಯ್ಯಬಹುದು? ನಾಲ್ವರ ಪಾಲನ್ನೂ ಸೇರಿಸಿ ಒಂದೇ ಡಬ್ಬದಲ್ಲಿ ಹಾಕಿದರೆ ಸಾಮಾನು ಕಡಿಮೆಯಾಗುವುದಿಲ್ಲವೇ?

ಉತ್ತರ: ಪೊಲೀಸರ ಲೆಕ್ಕ ರೈಫಲಿಗೆ 200. ಆದರೆ ಅದಕ್ಕೆ ಮೊದಲೇ ವಿಮಾನದ ತಕ್ಕಡಿ ಅಡ್ಡ ಬರುತ್ತದೆ: ಒಬ್ಬರಿಗೆ ಡಬ್ಬ ಸಮೇತ 5 ಕಿಲೊ. ಇಬ್ಬರ ಪಾಲನ್ನು ಒಂದೇ ಪೊಟ್ಟಣದಲ್ಲಿ ಸೇರಿಸಬಾರದೆಂದು ಅಂತಾರಾಷ್ಟ್ರೀಯ ವಿಮಾನಯಾನ ನಿಯಮವೇ ಹೇಳುತ್ತದೆ. .30-06ರ 20ರ ಡಬ್ಬ ಹೆಚ್ಚುಕಡಿಮೆ 550-600 ಗ್ರಾಂ, .375ರದ್ದು ಒಂದು ಕಿಲೊದ ಹತ್ತಿರ. ನಿಮ್ಮ ಪಾಲಿಗೆ .30-06ರ ಮೂರು ಡಬ್ಬ, .375ರ ಎರಡು ಡಬ್ಬ ಹಾಕಿದರೂ 4 ಕಿಲೊ ದಾಟುವುದಿಲ್ಲ. ಏಳೆಂಟು ದಿನದ ಬೇಟೆಗೆ ಅದು ಧಾರಾಳ.

ಕಂಪನಿಯ ರಟ್ಟಿನ ಡಬ್ಬ ಅಥವಾ ಕಾಡತೂಸಿಗೆಂದೇ ಮಾಡಿದ ಪ್ಲಾಸ್ಟಿಕ್ ಡಬ್ಬದಲ್ಲೇ ಇಡಿ. ಜಿಪ್‌ಲಾಕ್ ಚೀಲದಲ್ಲಿ ಸುರಿದರೆ ಕೌಂಟರಿನಲ್ಲೇ ತಿರುಗಿಸಿ ಕಳಿಸುತ್ತಾರೆ. ಅಮೆರಿಕದಲ್ಲಿ ಕೋವಿಯ ಪೆಟ್ಟಿಗೆಯಲ್ಲೇ ಕಾಡತೂಸು ಇಡಲು ಬಿಟ್ಟರೂ ಆಫ್ರಿಕಾದ ಕಡೆ ಬೇರೆ ಬೇಕೆನ್ನುತ್ತಾರೆ. ಆದ್ದರಿಂದ ಮೊದಲಿಂದಲೇ ಸಣ್ಣ ಬೀಗದ ಪೆಟ್ಟಿಗೆಯಲ್ಲಿ ಹಾಕಿ ಬಟ್ಟೆಯ ಸೂಟ್‌ಕೇಸಿನೊಳಗೆ, ಚೆಕ್-ಇನ್ ಸಾಮಾನಿನಲ್ಲಿ ಕಳಿಸಿ. ಕಾಡತೂಸಿನ ತಳದಲ್ಲಿ ಒತ್ತಿರುವ ಕ್ಯಾಲಿಬರ್ ಹೆಸರು, ನಳಿಗೆಯ ಮೇಲಿನ ಹೆಸರು, ಅರ್ಜಿಯಲ್ಲಿ ಬರೆದದ್ದು, ಮೂರೂ ಒಂದೇ ಆಗಿರಬೇಕು. ಬಿಡಿ ಮದ್ದು, ಅದಕ್ಕೆ ಕಿಡಿ ಕೊಡುವ ಪ್ರೈಮರ್ ವಿಮಾನಕ್ಕೆ ಹತ್ತಿಸುವಂತಿಲ್ಲ.

ಕೋವಿಯ ಪೆಟ್ಟಿಗೆ ಗಟ್ಟಿ ಚಿಪ್ಪಿನದಾಗಿರಬೇಕು. ಖರೀದಿಸುವ ಮುನ್ನ ಒಂದು ಪರೀಕ್ಷೆ ಮಾಡಿ: ಬೀಗ ಹಾಕಿ, ಮೂಲೆಗೆ ಬೆರಳು ತೂರಿಸಿ ಎಬ್ಬಿ. ಬೆರಳು ಒಳಗೆ ಹೋಗುವಷ್ಟು ಸಂದಿ ಬಿಟ್ಟರೆ ಅದು ಬೀಗ ಹಾಕಿದ ಲೆಕ್ಕಕ್ಕೆ ಬರುವುದಿಲ್ಲ. ಬೀಗದ ತೂತು ನಾಲ್ಕಿದ್ದರೆ ನಾಲ್ಕಕ್ಕೂ ಬೀಗ ಬೇಕು. ಅಮೆರಿಕದ ವಿಮಾನ ನಿಲ್ದಾಣ ಭದ್ರತಾ ಸಂಸ್ಥೆ ಟಿಎಸ್‌ಎ ಗುರುತಿನ ಬೀಗಗಳ ಮಾಸ್ಟರ್ ಕೀ ಬೇರೆಯವರ ಕೈಯಲ್ಲೂ ಇರುತ್ತದೆ. ನಿಯಮ ಹೇಳುವುದು ಕೀಲಿ ಪ್ರಯಾಣಿಕನೊಬ್ಬನ ಹತ್ತಿರವೇ ಇರಬೇಕೆಂದು, ಆದ್ದರಿಂದ ಮಾಮೂಲಿ ಗಟ್ಟಿ ಬೀಗವೇ ಸರಿ. ಬೋಲ್ಟ್ ಬಿಚ್ಚಿ ಅದೇ ಪೆಟ್ಟಿಗೆಯಲ್ಲಿಡಿ. ಬೋಲ್ಟ್, ಮ್ಯಾಗಜೀನ್ ಕೈಚೀಲದಲ್ಲಿ ಒಯ್ಯುವುದು ನಿಷಿದ್ಧ, ಸ್ಕೋಪ್ ಮಾತ್ರ ಒಯ್ಯಬಹುದು. ಎರಡು ರೈಫಲ್ ಹಾಕಿದ ಪೆಟ್ಟಿಗೆ 23 ಕಿಲೊ ಮೀರುವುದು ಸುಲಭ, ಮನೆಯಲ್ಲೇ ತೂಗಿ. ನಿಮ್ಮ ಎರಡು ಒಂದು ಪೆಟ್ಟಿಗೆಯಲ್ಲಿ, ಹೆಂಡತಿಯ ಹೆಸರಿನದು ಇನ್ನೊಂದರಲ್ಲಿ. ಇಬ್ಬರೂ ಕೌಂಟರಿನಲ್ಲಿ ತಮ್ಮತಮ್ಮದನ್ನು ಘೋಷಿಸಿ, 'ಗುಂಡು ತುಂಬಿಲ್ಲ' ಎಂಬ ಚೀಟಿಗೆ ಸಹಿ ಹಾಕಿ ಒಳಗಿಡಬೇಕು. ತಪಾಸಣೆ ಮುಗಿಯಿತೆಂದು ಹೇಳುವವರೆಗೆ ಅಲ್ಲೇ ನಿಲ್ಲಿ. ಪೆಟ್ಟಿಗೆ ತೆರೆಯಬೇಕೆಂದು ಕರೆದಾಗ ನೀವು ಸಿಗದಿದ್ದರೆ ಅದು ವಿಮಾನ ಹತ್ತುವುದಿಲ್ಲ.

ಪ್ರಶ್ನೆ: ಯಾವ ದಾರಿಯಲ್ಲಿ ಹೋಗುವುದು ಒಳ್ಳೆಯದು? ಬರುವಾಗ ಬೆಂಗಳೂರಿನಲ್ಲಿ ಒಂದು ವಾರ ಇದ್ದು ಬರಬೇಕೆಂದಿದೆ.

ಉತ್ತರ: ಅಟ್ಲಾಂಟಾದಿಂದ ಜೊಹಾನ್ಸ್‌ಬರ್ಗ್‌ಗೆ ನೇರ ವಿಮಾನವಿದೆ. ದುಡ್ಡು ಸ್ವಲ್ಪ ಹೆಚ್ಚಾದರೂ ಅದನ್ನೇ ಹಿಡಿಯಿರಿ. ನಡುವೆ ವಿಮಾನ ಬದಲಿಸುವ ದೇಶಕ್ಕೆ ಅದರದೇ ಕಾನೂನಿರುತ್ತದೆ. ಕೋವಿ ನಿಮ್ಮ ಕೈಗೆ ಬರದೆ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋದರೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ಕಸ್ಟಮ್ಸ್‌ನ ಪೂರ್ವಾನುಮತಿ ಬೇಕು. ಕೋವಿ ಕಾನೂನು ಬಿಗಿಯಿರುವ ನ್ಯೂಯಾರ್ಕ್, ನ್ಯೂಜೆರ್ಸಿ ಮೂಲಕವೂ ಬೇಡ. ವಿಮಾನ ತಪ್ಪಿ ರಾತ್ರಿ ಅಲ್ಲೇ ಉಳಿಯಬೇಕಾಗಿ, ಪೆಟ್ಟಿಗೆಯನ್ನು ಕೈಗೆ ಪಡೆದು ಹೋಟೆಲಿಗೆ ಒಯ್ದರೆ, ಸಾಗಣೆಗೆ ಕೇಂದ್ರ ಕಾನೂನು ಕೊಡುವ ರಕ್ಷಣೆ ಕೈಬಿಡಬಹುದು. 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇಂಥದೇ ಪ್ರಕರಣದಲ್ಲಿ ಪ್ರಯಾಣಿಕನ ವಿರುದ್ಧ ತೀರ್ಪು ಕೊಟ್ಟಿದೆ.

ಜೊಹಾನ್ಸ್‌ಬರ್ಗ್‌ನಲ್ಲಿ ಕೋವಿ ಬೆಲ್ಟಿನ ಮೇಲೆ ಸುತ್ತುತ್ತಾ ಬರುವುದಿಲ್ಲ, ನೀವೇ ಪೊಲೀಸರ ಕೋವಿ ಕಚೇರಿಗೆ ಹೋಗಬೇಕು. ಅಲ್ಲಿ ನಂಬರ್ ನೋಡಿ, ಕಾಡತೂಸು ಎಣಿಸಿ ಪರ್ಮಿಟ್ ಕೊಡುತ್ತಾರೆ. ಅದೂ ಉಚಿತ. ಅರ್ಧ ಗಂಟೆಯಲ್ಲೂ ಮುಗಿಯಬಹುದು, ಮೂರು ಗಂಟೆಯೂ ಹಿಡಿಯಬಹುದು. ಲಿಂಪೊಪೊದ ಪೊಲೊಕ್ವಾನೆ ಕಡೆ ಅದೇ ದಿನ ಮುಂದುವರಿಯುವುದಾದರೆ ನಾಲ್ಕು ಗಂಟೆಗಿಂತ ಕಡಿಮೆ ಅಂತರ ಇಡಬೇಡಿ. ಕಚೇರಿ ಬಿಡುವ ಮುನ್ನ ಪರ್ಮಿಟ್‌ನ ಒಂದೊಂದು ಅಂಕಿಯನ್ನೂ ರೈಫಲ್ ಪಕ್ಕ ಹಿಡಿದು ಓದಿ. ತಪ್ಪು ಕಂಡರೆ ಅಲ್ಲೇ ತಿದ್ದಿಸಿ, ಹೊರಡುವ ದಿನ ಅದೇ ಕಾಗದ ನೋಡಿಯೇ ಕೋವಿಯನ್ನು ಹೊರಗೆ ಬಿಡುವುದು. ಅಮೆರಿಕಕ್ಕೆ ಮರಳಿ ಮೊದಲು ಇಳಿದಲ್ಲಿ 4457 ತೋರಿಸಿ, ಮುಂದಿನ ವಿಮಾನಕ್ಕೆ ಮತ್ತೊಮ್ಮೆ ಘೋಷಿಸಿಯೇ ಪೆಟ್ಟಿಗೆ ಕೊಡಬೇಕು.

ಬೆಂಗಳೂರಿಗೆ ಕೋವಿಯೊಂದಿಗೆ ಹೋಗಬೇಡಿ. ಡಲ್ಲಾಸ್‌ಗೆ ಮರಳಿ, ಕೋವಿ ಮನೆಯಲ್ಲಿಟ್ಟು, ಇನ್ನೊಂದು ಟಿಕೆಟ್‌ನಲ್ಲಿ ಊರಿಗೆ ಹೋಗಿ. ಬೇಟೆಗೆ ಒಯ್ದ ಚೀಲ, ಜಾಕೆಟ್ ಊರಿನ ಪ್ರಯಾಣಕ್ಕೆ ಬೇಡ. ಅಂಗಿಯ ಮಡಿಕೆಯಲ್ಲಿ ಮರೆತ ಒಂದೇ ಒಂದು ಕಾಡತೂಸು ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಅಡಿ ಎಫ್‌ಐಆರ್ ಆಗುತ್ತದೆ. ಗೊತ್ತಿಲ್ಲದೆ ಉಳಿದದ್ದೆಂದು ಕಂಡುಬಂದಾಗ ಹೈಕೋರ್ಟ್‌ಗಳು ಇಂಥ ಕೇಸು ರದ್ದು ಮಾಡಿರುವುದುಂಟು. ಆದರೆ ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ಠಾಣೆ, ವಕೀಲರು, ತಿಂಗಳುಗಟ್ಟಲೆ ಅಲೆದಾಟ ಉಳಿದಿರುತ್ತದೆ.

ಪ್ರಶ್ನೆ: ಮಡಿಕೇರಿಯಿಂದ ಮಾವನವರೂ ಬಂದು ಸೇರುತ್ತಾರೆ. ಅವರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ತರಬಹುದೇ?

ಉತ್ತರ: ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ, ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೆನ್ನುವ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಗೆ ಸಂಬಂಧಿಸಿದ್ದು. ದೇಶದ ಹೊರಗೆ ಒಯ್ಯುವುದು 10ನೇ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಎರಡು ದಿನದ ಇಂಪಾಲ ಬೇಟೆಗೆ ಇಷ್ಟೆಲ್ಲ ರಗಳೆ ಯಾಕೆ? ಅವರಿಗೂ ತಮ್ಮನಿಗೂ ಬಾಡಿಗೆ ರೈಫಲ್ ಹೇಳಿ. ಕ್ಯಾಲಿಬರ್, ಸ್ಕೋಪ್, ಯಾವ ಕಾಡತೂಸು ಎಂದು ಮೊದಲೇ ಬರೆದು ಕೇಳಿ, ಮೊದಲ ದಿನವೇ 100 ಮೀಟರಿನಲ್ಲಿ ಗುರಿ ಪರೀಕ್ಷಿಸಿ. ಅಲ್ಲಿ ಗುಂಡು ಹಾರಿಸುವುದು ಹೆಚ್ಚಾಗಿ ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು, ನಿಂತುಕೊಂಡು. ಮಾವನವರು ಮೂರು ಬಿದಿರು ಕೋಲುಗಳನ್ನು ತುದಿಯಲ್ಲಿ ಬಿಗಿದು, ಗುಂಡು ತುಂಬದ ಕೋವಿ ಇಟ್ಟು ಅಂಗಳದಲ್ಲೇ ಅಭ್ಯಾಸ ಮಾಡಿಕೊಂಡು ಬರಲಿ.