ಹಳೆಯ ಬ್ರಿಟಿಷ್ ಕಾಮಿಕ್ಸ್ ಸಂಗ್ರಹ: ಮೊದಲು ಆ ಒದ್ದೆ ಬಟ್ಟೆಯನ್ನು ಕೆಳಗಿಡಿ

ಚಾರಿಟಿ ಅಂಗಡಿಯಲ್ಲಿ ಇಪ್ಪತ್ತು ಪೌಂಡಿಗೆ ಸಿಕ್ಕಿದ ಎಂಟು ರೂಪರ್ಟ್ ವಾರ್ಷಿಕಗಳ (ರೂಪರ್ಟ್ ಎಂಬ ಕರಡಿಮರಿಯ ಚಿತ್ರಕಥೆಗಳಿರುವ, ವರ್ಷಕ್ಕೊಂದು ಬರುವ ಮಕ್ಕಳ ಪುಸ್ತಕಗಳ) ಕೊಳೆ ತೆಗೆಯುವುದು ಹೇಗೆ, ಒಂದರ ಮೊದಲ ಪುಟದಲ್ಲಿ ಯಾರೋ ಶಾಯಿಯಲ್ಲಿ ಬರೆದ ಹೆಸರನ್ನು ಅಳಿಸಬಹುದೇ, ಎತ್ತಿಟ್ಟಿರುವ 800 ಪೌಂಡನ್ನು ಹಳೆಯ ಕಾಮಿಕ್ಸ್, ಅವುಗಳಿಗೆ ಕಲಾವಿದರು ಕೈಯಲ್ಲಿ ಬರೆದ ಮೂಲ ಚಿತ್ರ, ಪಾತ್ರಗಳ ಆಟಿಕೆ ಈ ಮೂರರಲ್ಲಿ ಯಾವುದಕ್ಕೆ ಹಾಕಿದರೆ ಹತ್ತು ವರ್ಷದಲ್ಲಿ ಹೆಚ್ಚು ಲಾಭ ಎಂದು ಕೇಳಿದ್ದೀರಿ. ಲೀಡ್ಸ್‌ಗೆ ಬಂದು ಇನ್ನೂ ಮೂರು ತಿಂಗಳಾಯಿತು ಎಂದೂ ಬರೆದಿದ್ದೀರಿ. ನಿಮ್ಮ ಪ್ರಶ್ನೆಯ ಒಂದೊಂದು ಸಾಲೂ 2009ರಲ್ಲಿ ನಾನೇ ಬರೆದಂತಿದೆ. ಆದ್ದರಿಂದ ದಯವಿಟ್ಟು ಇದನ್ನು ಓದಿ ಮುಗಿಸುವವರೆಗೆ ಆ ಪುಸ್ತಕಗಳಿಗೆ ನೀರನ್ನಾಗಲಿ ರಬ್ಬರನ್ನಾಗಲಿ ಸೋಕಿಸಬೇಡಿ.

ನಾನು ಶಿವಮೊಗ್ಗದವನು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಅಂಗೈಯಗಲದ ಕಮಾಂಡೋ ಯುದ್ಧಕಥೆಗಳನ್ನು ಹೆಕ್ಕಿ ತಂದು ಓದುತ್ತಿದ್ದೆ. ಬ್ರಿಟಿಷ್ ಕಾಮಿಕ್ಸ್ ಎಂದರೆ ನನಗೆ ಅಷ್ಟೇ ಗೊತ್ತಿತ್ತು. 2007ರಲ್ಲಿ ಕೆಲಸದ ಮೇಲೆ ಶೆಫೀಲ್ಡ್‌ಗೆ ಬಂದೆ. ಎರಡು ವರ್ಷದ ಬಳಿಕ ಪಕ್ಕದ ಮನೆಯ ವೃದ್ಧೆಯೊಬ್ಬರು ಐದು ವರ್ಷದ ನನ್ನ ಮಗಳಿಗೆ ತಮ್ಮ ಮಕ್ಕಳು ಓದಿದ ಒಂದು ರೂಪರ್ಟ್ ವಾರ್ಷಿಕವನ್ನು ಕೊಟ್ಟರು. ಅದರ ಪುಟದ ಏರ್ಪಾಟನ್ನು ನೀವೂ ಗಮನಿಸಿರಬಹುದು. ಪುಟಕ್ಕೆ ನಾಲ್ಕು ಚಿತ್ರ, ಒಂದೊಂದು ಚಿತ್ರದ ಕೆಳಗೆ ಪ್ರಾಸಬದ್ಧವಾದ ಎರಡು ಸಾಲಿನ ಪದ್ಯ, ಅದರ ಕೆಳಗೆ ಅದೇ ಕಥೆ ಗದ್ಯದಲ್ಲಿ. ಮಗಳು ಪದ್ಯ ಓದುತ್ತಿದ್ದಳು, ನಾನು ಗದ್ಯ ಓದುತ್ತಿದ್ದೆ. ಒಂದೇ ಪುಟವನ್ನು ಇಬ್ಬರೂ ಸೇರಿ ಓದುವುದಕ್ಕೆಂದೇ ಕಟ್ಟಿದ ಅಂಥ ಪುಸ್ತಕವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ವರ್ಷದ ಬೇಸಿಗೆಯ ಕೊನೆಗೆ ನಡೆದ ಹಳೆಯ ಪುಸ್ತಕಗಳ ಮೇಳವೊಂದರಲ್ಲಿ 1948ರ ರೂಪರ್ಟ್ ವಾರ್ಷಿಕ ಕಣ್ಣಿಗೆ ಬಿತ್ತು. ಯುದ್ಧಕಾಲದ ಕಾಗದದ ಅಭಾವದಿಂದಾಗಿ 1942ರಿಂದ 1949ರವರೆಗಿನ ವಾರ್ಷಿಕಗಳಿಗೆ ಗಟ್ಟಿ ರಟ್ಟು ಇರಲಿಲ್ಲ. ಮೆತ್ತನೆಯ ಕಾಗದದ ಹೊದಿಕೆಯಷ್ಟೇ ಇದ್ದುದರಿಂದ ಅವುಗಳ ಬೆನ್ನು ಬೇಗ ಹರಿಯುತ್ತದೆ. ಇದರ ಬೆನ್ನು ಮಾತ್ರ ನೆಟ್ಟಗಿತ್ತು. ಬೆಲೆ 140 ಪೌಂಡ್. ಪಾರದರ್ಶಕ ಕವರಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿ ಪೆನ್ಸಿಲಿನಲ್ಲಿ 'ಅನ್‌ಪೇಂಟೆಡ್' ಎಂದು ಬರೆದಿದ್ದರು. ಹೊದಿಕೆಯ ಚಿತ್ರಕ್ಕೆ ಆಮೇಲೆ ಯಾರೂ ಬಣ್ಣ ತೀಡಿ ಸರಿಪಡಿಸಿಲ್ಲ ಎಂದು ಹೇಳುತ್ತಿರಬೇಕು ಎಂದುಕೊಂಡೆ. ವ್ಯಾಪಾರಿ ಆ ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದಾಗ ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಹಾಗೆಂದರೇನು ಎಂದು ಕೇಳಿದರೆ ನಾನು ಹೊಸಬ ಎಂದು ಗೊತ್ತಾಗಿಬಿಡುತ್ತದೆ ಎಂಬ ಅಳುಕು ಇತ್ತು. ಮುಂದೆ ಏನೇನು ಕಳೆದುಕೊಂಡೆನೋ ಅದೆಲ್ಲವೂ ಆ ಒಂದು ತಲೆಯಾಡಿಸುವಿಕೆಯಿಂದ ಬಂತು. ನೀರು, ಬಟ್ಟೆ ಎಲ್ಲವೂ ಅದರ ಆಮೇಲಿನ ಮಾತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನವರಾತ್ರಿ ಬಂತು. ಶಿವಮೊಗ್ಗದ ಮನೆಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆಗೆ ಇಡುವ ಪ್ರತಿಯೊಂದು ಪುಸ್ತಕವನ್ನೂ ಅಮ್ಮ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಮಗಳು ಓದು ಕಲಿಯುತ್ತಿದ್ದುದೇ ರೂಪರ್ಟ್‌ನಿಂದ, ಹಾಗಾಗಿ ಅವಳ ಪಠ್ಯದ ಜೊತೆಗೆ 1948ರ ಪ್ರತಿಯನ್ನೂ ಪೂಜೆಗೆ ಇಡುವುದೆಂದು ತೀರ್ಮಾನಿಸಿದೆ. ಒರೆಸುವ ಮುನ್ನ ಪುಟ ತಿರುವುತ್ತಿದ್ದಾಗ ಕಪ್ಪು ರೇಖೆಯಲ್ಲಷ್ಟೇ ಬಿಡಿಸಿದ ಒಂದು ಚಿತ್ರ ಸಿಕ್ಕಿತು. ಅದರ ಮೇಲೆಲ್ಲ ಸಾಸಿವೆಗಿಂತಲೂ ಸಣ್ಣ ಚುಕ್ಕೆಗಳು ಒತ್ತೊತ್ತಾಗಿ ಹರಡಿದ್ದವು. ಕೆಲವು ಮಸುಕು ಬೂದು, ಕೆಲವು ಹಳಸಿದ ಹಸಿರು. ಇಲ್ಲಿನ ಬಾಡಿಗೆ ಮನೆಗಳ ಹೊರಗೋಡೆಗೆ ಚಳಿಗಾಲದಲ್ಲಿ ಬೂಷ್ಟು ಹಿಡಿಯುವುದನ್ನು ನೀವೂ ಬೇಗನೆ ನೋಡಲಿದ್ದೀರಿ. ನಾನು ಎರಡು ಚಳಿಗಾಲ ಅದನ್ನು ಒರೆಸಿ ಒರೆಸಿ ಬೇಸತ್ತಿದ್ದೆ. ಪುಸ್ತಕಕ್ಕೂ ಅದೇ ಹಿಡಿದಿದೆ ಎಂದು ಗಾಬರಿಯಾಗಿ, ಕೈಯಲ್ಲಿದ್ದ ಬಟ್ಟೆಯನ್ನು ಚಿತ್ರದ ಮೇಲ್ಭಾಗದಲ್ಲಿ ಎಡದಿಂದ ಬಲಕ್ಕೆ ಒಮ್ಮೆ ಎಳೆದೆ.

ಬಟ್ಟೆ ಹೋದ ದಾರಿಯುದ್ದಕ್ಕೂ ಆಕಾಶ ನೀಲಿಯಾಯಿತು. ನೋಡನೋಡುತ್ತಿದ್ದಂತೆ ಚುಕ್ಕೆಗಳು ಕರಗಿ ಒಂದಕ್ಕೊಂದು ಕೂಡಿಕೊಂಡು, ರೇಖೆ ದಾಟಿ ಮರದ ಎಲೆಗಳ ಹಸಿರಿನೊಳಕ್ಕೆ ಹರಿದವು. ಪುಟ ಹಾಳಾಗುತ್ತಿದೆ ಎಂದು ಹೆದರಿ ಕೂದಲು ಒಣಗಿಸುವ ಡ್ರೈಯರ್ ತಂದು ಬಿಸಿಗಾಳಿ ಹಿಡಿದೆ. ಅದರಿಂದ ಕಾಗದ ಹಪ್ಪಳದಂತೆ ಸುರುಟಿಕೊಂಡಿತು, ಹಿಂದಿನ ಪುಟಕ್ಕೂ ನೀಲಿ ಇಳಿಯಿತು.

ಆ ಪುಟದ ಹೆಸರು ಮ್ಯಾಜಿಕ್ ಪೇಂಟಿಂಗ್ ಪುಟ. ರೂಪರ್ಟ್ ವಾರ್ಷಿಕಗಳಲ್ಲಿ 1946ರಿಂದ ಇಂಥ ಪುಟಗಳು ಬರತೊಡಗಿದವು. ನೀರಿನಲ್ಲಿ ಕರಗುವ ಬಣ್ಣವನ್ನು ಸಣ್ಣ ಚುಕ್ಕೆಗಳಾಗಿ ಅಚ್ಚು ಹಾಕಿರುತ್ತಾರೆ. ಮಗು ಬರೀ ನೀರಿನಲ್ಲಿ ಕುಂಚ ಅದ್ದಿ ಸವರಿದರೆ ಸಾಕು, ಬಣ್ಣದ ಪೆಟ್ಟಿಗೆಯೇ ಬೇಡ. ಕ್ರಿಸ್ಮಸ್‌ಗೆ ಪುಸ್ತಕ ಕೈಗೆ ಬಂದ ಮಗು ಆ ಪುಟವನ್ನು ಎಷ್ಟು ದಿನ ಬಿಟ್ಟೀತು ಎಂದು ಯೋಚಿಸಿ. ಅರವತ್ತು ವರ್ಷ ಯಾವ ಮಗುವೂ ಕುಂಚ ಆಡಿಸದೆ ಬಿಟ್ಟಿದ್ದ ಪುಟ ಎಂಬ ಕಾರಣಕ್ಕೇ ಆ ಪ್ರತಿಗೆ 140 ಪೌಂಡ್ ಇತ್ತು. 'ಅನ್‌ಪೇಂಟೆಡ್' ಎಂದರೆ ಅಷ್ಟೇ. ಮುಂದಿನ ಮೇಳದಲ್ಲಿ ಅದೇ ವ್ಯಾಪಾರಿಗೆ ತೋರಿಸಿದೆ. ಅವರು ಬಹಳ ಹೊತ್ತು ಪುಟವನ್ನು ನೋಡಿ, ಮೃದುವಾಗಿಯೇ, ಈಗ 35 ಪೌಂಡ್ ಕೊಡಬಹುದು ಎಂದರು. ನಾನು ಮಾರಲಿಲ್ಲ. ಮನೆಗೆ ಬಂದು ಮಗಳ ಕೈಗೆ ಕುಂಚವನ್ನೂ ಒಂದು ಬಟ್ಟಲು ನೀರನ್ನೂ ಕೊಟ್ಟೆ. ಉಳಿದ ಅರ್ಧ ಚಿತ್ರವನ್ನು ಅವಳು ರೇಖೆ ದಾಟದಂತೆ, ನಾಲಿಗೆಯ ತುದಿ ಕಚ್ಚಿಕೊಂಡು ಮುಗಿಸಿದಳು.

ಇದನ್ನು ಇಷ್ಟು ಹಿಗ್ಗಿಸಿ ಹೇಳುವುದಕ್ಕೆ ಕಾರಣವಿದೆ. ಈ ಇಡೀ ಸಂಗ್ರಹದ ಲೋಕ ನಿಂತಿರುವುದು ಮಕ್ಕಳು ಮಾಡದೇ ಬಿಟ್ಟ ಕೆಲಸಗಳ ಮೇಲೆ. ಮಕ್ಕಳ ಕಾಮಿಕ್ಸ್ ವಾರಪತ್ರಿಕೆ 'ದಿ ಡ್ಯಾಂಡಿ'ಯ ಮೊದಲ ಸಂಚಿಕೆಗೆ 1937ರ ಡಿಸೆಂಬರ್ 4ರ ದಿನಾಂಕವಿದೆ. ಅದರ ಜೊತೆ ಒಂದು ತಗಡಿನ ಸೀಟಿ ಉಚಿತವಾಗಿ ಬರುತ್ತಿತ್ತು. ಆ ಸೀಟಿಯ ಸಮೇತ ಉಳಿದಿದ್ದ ಪ್ರತಿ 2004ರಲ್ಲಿ 20,350 ಪೌಂಡಿಗೆ ಹರಾಜಾಯಿತು. ಅಂಥದೇ ಇನ್ನೊಂದು ಪತ್ರಿಕೆ, 1938ರ ಜುಲೈ 30ರ 'ದಿ ಬೀನೋ'ದ ಮೊದಲ ಸಂಚಿಕೆಯೊಡನೆ ಬಂದದ್ದು ಮುಖವಾಡ. ಮುಖವಾಡ ಸಿಕ್ಕ ಮಗು ಅದನ್ನು ಹಾಕಿಕೊಳ್ಳದೆ ಇರುತ್ತದೆಯೇ? ಯುದ್ಧದ ವರ್ಷಗಳಲ್ಲಂತೂ ಹಳೆಯ ಕಾಗದ ಒಟ್ಟುಮಾಡಿ ಕೊಡಿ ಎಂದು ಈ ಪತ್ರಿಕೆಗಳೇ ಮಕ್ಕಳಿಗೆ ಹೇಳುತ್ತಿದ್ದವು, ಮಕ್ಕಳು ಶ್ರದ್ಧೆಯಿಂದ ಕೊಟ್ಟರು. ಆ ಕಾಲದ ಸಂಚಿಕೆಗಳು ಇಂದು ಸಿಗದಿರುವುದಕ್ಕೆ ಅದೂ ಒಂದು ಕಾರಣ. 'ಇದು ಯಾರ ಪುಸ್ತಕ' ಎಂಬ ಚೌಕದಲ್ಲಿ ಹೆಸರು ಬರೆಯದಿರುವುದು, ಉಡುಗೊರೆ ಕೊಡುವಾಗ ಬೆಲೆ ಕಾಣದಿರಲೆಂದು ಮೂಲೆ ಕತ್ತರಿಸದಿರುವುದು, ಕೂಪನ್ ಕತ್ತರಿಸಿ ಅಂಚೆಗೆ ಹಾಕದಿರುವುದು, ಇವೆಲ್ಲಕ್ಕೂ ಈಗ ಬೆಲೆ ಇದೆ. ಇದು ತಿಳಿಯದವನು ಕೊಳೆ ತೆಗೆಯಲು ಹೋದರೆ ಬೆಲೆಯನ್ನೇ ತೆಗೆದುಬಿಡುತ್ತಾನೆ.

ಈಗ ನಿಮ್ಮ ಲಾಭದ ಪ್ರಶ್ನೆ. ಆ ಪ್ರಶ್ನೆಯೇ ಸರಿಯಿಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. 1948ರಲ್ಲಿ ಆರು ವರ್ಷದವರಾಗಿದ್ದು ಈ ಪುಸ್ತಕವನ್ನು ಪ್ರೀತಿಸಿದವರಿಗೆ ಈಗ ಎಂಬತ್ತು ದಾಟಿದೆ. ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಿದ್ದವರು ಅವರೇ, ಈಗ ಮನೆ ಖಾಲಿ ಮಾಡುತ್ತಿರುವವರೂ ಅವರೇ. ಹತ್ತು ವರ್ಷದ ಮೇಲೆ ನಿಮ್ಮಿಂದ ಇದನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ 800 ಪೌಂಡನ್ನು ಬ್ಯಾಂಕಿನಲ್ಲಿಡಿ. ಓದಬೇಕು, ನೋಡಬೇಕು, ಕೈಯಲ್ಲಿ ಹಿಡಿಯಬೇಕು ಎಂಬ ಆಸೆ ಇದ್ದರೆ ಮಾತ್ರ ಮುಂದುವರಿಯಿರಿ. ಹಾಗೆ ಮುಂದುವರಿಯುವುದಾದರೆ ಮೂರರಲ್ಲಿ ಯಾವುದು ಎಂದು ಆರಿಸುವ ಬದಲು ಒಂದೇ ಒಂದು ಪಾತ್ರವನ್ನು ಹಿಡಿದು ಅದರ ಚರಿತ್ರೆಯನ್ನು ತಳದವರೆಗೆ ಕಲಿಯಿರಿ.

ನಿಮ್ಮ ಕೈಯಲ್ಲಿ ಈಗಾಗಲೇ ರೂಪರ್ಟ್ ಇದ್ದಾನೆ, ಅವನಿಂದಲೇ ಶುರು ಮಾಡಿ. ಮೇರಿ ಟೂರ್ಟೆಲ್ ಅವನನ್ನು 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಗೆ 1920ರ ನವೆಂಬರ್ 8ರಂದು ತಂದರು. ಅವರ ದೃಷ್ಟಿ ಮಂದವಾದ ಮೇಲೆ 1935ರಲ್ಲಿ ಆಲ್‌ಫ್ರೆಡ್ ಬೆಸ್ಟಾಲ್ ಕೈಗೆತ್ತಿಕೊಂಡರು. ವಾರ್ಷಿಕಗಳು 1936ರಿಂದ ಆರಂಭವಾದವು. ಬೆಸ್ಟಾಲ್ ಕಾಗದ ಮಡಿಸುವ ಕಲೆಯ ಪ್ರೇಮಿ, ಆದ್ದರಿಂದ ಹಲವು ವಾರ್ಷಿಕಗಳಲ್ಲಿ ಅದನ್ನು ಕಲಿಸುವ ಪುಟಗಳೂ ಇವೆ. ಹೊದಿಕೆಯ ಒಳಬದಿಯಲ್ಲಿ ಎರಡು ಪುಟಗಳಿಗೂ ಹರಡಿರುವ ಅವರ ನಿಸರ್ಗಚಿತ್ರಗಳನ್ನು ಅವಸರ ಮಾಡದೆ ನೋಡಿ. ಮಕ್ಕಳ ಪುಸ್ತಕಕ್ಕೆ ಅಷ್ಟು ಮನಸ್ಸಿಟ್ಟು ಬಣ್ಣ ಹಾಕಿದವರನ್ನು ನಾನು ಬೇರೆ ಕಂಡಿಲ್ಲ. 1973ರ ವಾರ್ಷಿಕದ ಹೊದಿಕೆಗೆ ಅವರು ಎಂದಿನಂತೆ ಕಂದು ಮುಖದ ರೂಪರ್ಟ್‌ನನ್ನು ಬರೆದಿದ್ದರು. ಅವರಿಗೆ ತಿಳಿಸದೆ ಮುಖವನ್ನು ಬಿಳಿಯಾಗಿಸಿ ಅಚ್ಚು ಹಾಕಲಾಯಿತು. ನೊಂದ ಬೆಸ್ಟಾಲ್ ಮತ್ತೆಂದೂ ಹೊದಿಕೆ ಬರೆಯಲಿಲ್ಲ. ಕಂದು ಮುಖದಲ್ಲೇ ಉಳಿದ ಬೆರಳೆಣಿಕೆಯ ಪ್ರತಿಗಳು ಇಂದು ಸಂಗ್ರಾಹಕರ ಕನಸು. ಈ ಕಥೆ ತಿಳಿಯದವನ ಎದುರು ಎರಡೂ ಪ್ರತಿಗಳನ್ನು ಇಟ್ಟರೆ ಅವನು ಹೊಳಪು ಹೆಚ್ಚಿರುವುದನ್ನು ಎತ್ತಿಕೊಂಡು ಹೋಗುತ್ತಾನೆ.

ಮೂಲ ಚಿತ್ರಗಳನ್ನು ಸದ್ಯಕ್ಕೆ ದೂರವಿಡಿ. ಇಲ್ಲಿನ ಕಾಮಿಕ್ಸ್ ಲೋಕದಲ್ಲಿ ಬಹುಕಾಲ ಕಲಾವಿದನ ಹೆಸರನ್ನೂ ಹಾಕುತ್ತಿರಲಿಲ್ಲ, ಚಿತ್ರ ಬರೆದ ರಟ್ಟು ಪ್ರಕಾಶಕರದ್ದೇ ಆಗುತ್ತಿತ್ತು. ಅಂದಮೇಲೆ ಮಾರಾಟಕ್ಕೆ ಬಂದ ಹಾಳೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳುವ ಅನುಭವ ಬೇಕು. 1950ರ ಏಪ್ರಿಲ್ 14ರಂದು ಹೊರಬಂದ 'ಈಗಲ್' ಪತ್ರಿಕೆಯ ಬಾಹ್ಯಾಕಾಶ ವೀರ ಡ್ಯಾನ್ ಡೇರ್‌ನ ಪುಟಗಳನ್ನೇ ತೆಗೆದುಕೊಳ್ಳಿ. ಅದರ ಚಿತ್ರಕಾರ ಫ್ರಾಂಕ್ ಹ್ಯಾಂಪ್ಸನ್ ಒಂದು ತಂಡವನ್ನೇ ಕಟ್ಟಿಕೊಂಡು, ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆದು, ಅದನ್ನು ನೋಡಿ ಬರೆಯುತ್ತಿದ್ದರು, ಹಾಗಾಗಿ ಒಂದು ಹಾಳೆಯಲ್ಲಿ ಹಲವರ ಕೈ ಇರುತ್ತದೆ. ಜೊತೆಗೆ ಬಣ್ಣದ ಶಾಯಿಯಲ್ಲಿ ಬರೆದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕಿದರೆ ಬಣ್ಣ ಮಾಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ.

ಆಟಿಕೆಗಳ ಬಗ್ಗೆ ಹೆಚ್ಚು ಹೇಳಲಾರೆ. ಅಲ್ಲಿ ಒಳಗಿನ ವಸ್ತುವಿಗಿಂತ ರಟ್ಟಿನ ಪೆಟ್ಟಿಗೆಗೆ ಹೆಚ್ಚು ಬೆಲೆ ಕಟ್ಟುವುದೂ ಉಂಟು, ಅದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಆದರೂ ಒಂದನ್ನು ಕೊಳ್ಳಿ ಎನ್ನುತ್ತೇನೆ. 1951ರಲ್ಲಿ ಬೀನೋಕ್ಕೆ ಬಂದ ತುಂಟ ಹುಡುಗ ಡೆನ್ನಿಸ್ ದಿ ಮೆನಸ್‌ನ ಅಭಿಮಾನಿ ಸಂಘ 1976ರಲ್ಲಿ ಶುರುವಾದಾಗ ಸದಸ್ಯರಿಗೆ ಬ್ಯಾಡ್ಜ್ ಕೊಡುತ್ತಿದ್ದರು. ಅವುಗಳಲ್ಲಿ ಒಂದು ಅವನ ನಾಯಿ ನ್ಯಾಷರ್‌ನದು. ಕಪ್ಪು ಕೂದಲಿನ ಸಣ್ಣ ಉಂಡೆ, ಅದರಲ್ಲಿ ಅಲುಗಾಡಿಸಿದರೆ ಹೊರಳುವ ಎರಡು ಕಣ್ಣು. ನನ್ನ ಬಳಿ ಇರುವುದರ ಒಂದು ಕಡೆಯ ಕೂದಲು ಸವೆದಿದೆ. ಯಾವುದೋ ಹುಡುಗ ಅದನ್ನು ಶಾಲೆಯ ಕೋಟಿಗೆ ಚುಚ್ಚಿಕೊಂಡು ಬೆರಳಿನಿಂದ ಸವರುತ್ತಿದ್ದಿರಬೇಕು. ದುಬಾರಿಯಲ್ಲದ ಅಂಥ ವಸ್ತುವಿನಿಂದ ಕಣ್ಣು ಪಳಗುತ್ತದೆ.

ಹೆಸರು ಅಳಿಸುವ ವಿಚಾರಕ್ಕೆ ನನ್ನ ಉತ್ತರ ಒಂದೇ, ಬೇಡ. ಶಾಯಿ ಕಾಗದದೊಳಕ್ಕೆ ಇಳಿದಿರುತ್ತದೆ, ಉಜ್ಜಿದರೆ ಹೆಸರು ಪೂರ್ತಿ ಹೋಗುವುದಿಲ್ಲ, ಕಾಗದ ಮಾತ್ರ ತೆಳುವಾಗುತ್ತದೆ. ಹರಿದ ಕಡೆ ಸೆಲ್ಲೋ ಟೇಪ್ ಹಾಕಬೇಡಿ, ಅದರ ಅಂಟು ಕಾಲಕ್ರಮದಲ್ಲಿ ಕಂದಾಗಿ ಪುಟದ ಆಚೆ ಬದಿಗೂ ಇಳಿಯುತ್ತದೆ. ಪುಸ್ತಕಗಳನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಸೂರಿನಡಿಯ ಅಟ್ಟದಲ್ಲಿ ಖಂಡಿತ ಬೇಡ. ಧೂಳಿದ್ದರೆ ಒಣ, ಮೆತ್ತನೆಯ ಕುಂಚದಿಂದ ಹೊದಿಕೆಯನ್ನಷ್ಟೇ ಕೊಡವಿ.

ನಿಮ್ಮ ಎಂಟರಲ್ಲಿ ಮೂರು 1950ರ ದಶಕದವು ಎಂದಿದ್ದೀರಿ. ನಾಳೆ ಬೆಳಗ್ಗೆ ಕೈ ಚೆನ್ನಾಗಿ ಒಣಗಿಸಿಕೊಂಡು, ಕಾಫಿ ಲೋಟವನ್ನು ಬೇರೆ ಮೇಜಿನ ಮೇಲಿಟ್ಟು, ಕಿಟಕಿಯ ಬಳಿ ಕುಳಿತು ಆ ಮೂರರ ಒಂದೊಂದೇ ಪುಟವನ್ನು ತಿರುವಿ ನೋಡಿ. ರೇಖಾಚಿತ್ರದ ಮೇಲೆ ಮಸುಕು ಚುಕ್ಕೆಗಳು ಕಂಡರೆ ಅದು ಬೂಷ್ಟಲ್ಲ. ಪುಸ್ತಕ ಮುಚ್ಚಿ, ಯಾವ ವರ್ಷದ್ದು ಎಂದು ನನಗೆ ಬರೆಯಿರಿ. ಈ ಇಷ್ಟು ವರ್ಷಗಳಲ್ಲಿ ನಾನು ಸೇರಿಸಿದ ಹತ್ತೊಂಬತ್ತು ವಾರ್ಷಿಕಗಳಲ್ಲಿ ನೀರು ಕಾಣದ ಪುಟ ಇರುವುದು ಎರಡರಲ್ಲಿ ಮಾತ್ರ.